ಹೆದರಿಕೆಗೆ ಅವರ ಊರುಗಳ ಮಾತು

ಬೆಳಿಗ್ಗೆ ನೀವಿಬ್ಬರೂ ಸ್ಕೂಲಿಗೆ, ನಿಮ್ಮ ಅಪ್ಪ ಅಮ್ಮ ಆಫೀಸಿಗೆ ಹೊರಟ ಮೇಲೆ ಈ ಮನೆಯಲ್ಲಿ ಸದ್ದು ಮಾಡುವುದು ಫ್ರಿಜ್ ಒಂದೇ. ಸ್ವಲ್ಪ ಹೊತ್ತು ಗುರ್ ಎನ್ನುತ್ತದೆ, ಆಮೇಲೆ ಅದೂ ಸುಮ್ಮನಾಗುತ್ತದೆ. ಆಗ ನಾನು ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಹೋಗುತ್ತೇನೆ.

ಸಿಂಗಪುರದ ಈ ಟ್ಯಾಂಪಿನೀಸಿಗೆ ಬಂದ ಮೊದಲ ವರ್ಷ ಅದನ್ನೂ ಮಾಡುತ್ತಿರಲಿಲ್ಲ. ಲಿಫ್ಟಿನಲ್ಲಿ ಯಾರಾದರೂ ಮಾತಾಡಿಸಿಬಿಟ್ಟರೆ ಏನು ಗತಿ ಎಂಬ ಅಳುಕು. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ, ಬಾಯಿ ತೆರೆಯಲಾರೆ. ಹಾಗಾಗಿ ಆಮೇಲೆ ಕೆಳಗೆ ಹೋಗಲು ಶುರುಮಾಡಿದಾಗಲೂ ಮೆಟ್ಟಿಲು ಇಳಿದೇ ಹೋಗುತ್ತಿದ್ದೆ.

ನಮ್ಮ ಬ್ಲಾಕಿನ ಹಿಂದಿನ ಕಾಲುವೆ ದಂಡೆಯಲ್ಲಿ ನಡೆಯುತ್ತಿದ್ದಾಗ ಒಂದು ದಿನ ಕಾಲಡಿಯಿಂದಲೇ ಎದ್ದಂತೆ ಒಂದು ಉಡ ದಾರಿಗೆ ಅಡ್ಡ ಬಂತು. ನನ್ನಷ್ಟೇ ಉದ್ದ ಇದ್ದಿರಬೇಕು. ಎದೆ ಝಲ್ಲೆಂದಿತು. ಚಿಕ್ಕಂದಿನ ಅಭ್ಯಾಸ, ರವಿಕೆಯ ಕತ್ತು ಎಳೆದುಕೊಂಡು ಎದೆಗೆ ಮೂರು ಸಲ ಥೂ ಥೂ ಥೂ ಎಂದೆ. ಹಿಂದಿನಿಂದ ಯಾರೋ “ವಾಟ್ ಎ ಗ್ಲಿಫ್!” ಎಂದರು.

ತಿರುಗಿ ನೋಡಿದರೆ ಬಿಳಿಯ ಹೆಂಗಸು. ನನ್ನದೇ ವಯಸ್ಸು, ನರೆಗೂದಲನ್ನು ಗಂಡುಹುಡುಗರ ಹಾಗೆ ಕತ್ತರಿಸಿಕೊಂಡಿದ್ದರು. ಅವರೂ ಎದೆ ಹಿಡಿದುಕೊಂಡು ನಿಂತಿದ್ದರು. ನನ್ನ ರವಿಕೆಯತ್ತ ಬೆರಳು ತೋರಿಸಿ, ಅದೇನು ಮಾಡಿದೆ ಎಂಬಂತೆ ಹುಬ್ಬೇರಿಸಿದರು. ನನಗೆ ಎಲ್ಲಿಂದ ಧೈರ್ಯ ಬಂತೋ, “ಫಿಯರ್ ಗೋ” ಎಂದೆ. ಅವರು ತಮ್ಮ ಅಂಗಿಯ ಕಾಲರ್ ಎಳೆದುಕೊಂಡು ನನ್ನಂತೆಯೇ ಮೂರು ಸಲ ಥೂ ಎಂದರು. ಇಬ್ಬರೂ ನಕ್ಕೆವು. ಊರು ಬಿಟ್ಟ ಮೇಲೆ ಮನೆಯ ಹೊರಗೆ ನಾನು ನಕ್ಕಿದ್ದು ಅದೇ ಮೊದಲು.

ಆ ಸಂಜೆ ನಿಮ್ಮನ್ನು ಕೇಳಿದ್ದು ನೆನಪಿದೆಯೇ?

“ಗ್ಲಿಫ್ ಅಂದ್ರೆ ಏನೇ?”

“ಅಂಥ ವರ್ಡೇ ಇಲ್ಲ ಲಾ, ಅಜ್ಜಿ. ನಮ್ ಟೀಚರ್ ಯಾವತ್ತೂ ಹೇಳಿಲ್ಲ” ಎಂದಳು ದೊಡ್ಡವಳು, ಇಲ್ಲಿಯವರಂತೆ ಮಾತಿಗೊಂದು ‘ಲಾ’ ಸೇರಿಸಿ.

“ಆ ಆಂಟಿ ಬ್ಲಫ್ ಮಾಡ್ತಿದಾರೆ” ಎಂದ ಚಿಕ್ಕವನು.

ಬ್ಲಫ್ ಆಗಿರಲಿಲ್ಲ. ಅವರ ಮಗ ಇಲ್ಲಿಯ ಚೀನೀ ಹುಡುಗಿಯನ್ನು ಮದುವೆಯಾಗಿ ನಮ್ಮ ಬ್ಲಾಕಿನಲ್ಲೇ ಹನ್ನೊಂದನೆಯ ಮಹಡಿಯಲ್ಲಿದ್ದ. ಗಂಡ ತೀರಿಕೊಂಡ ಮೇಲೆ ಇವರು ಬ್ರಿಟನ್ನಿನಿಂದ ಮಗನ ಬಳಿ ಬಂದಿದ್ದರು. ದಿನವೂ ಹತ್ತು ಗಂಟೆಗೆ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ಗೋಡೆಯಿಲ್ಲದ ಅಂಗಳದ ಕಲ್ಲುಬೆಂಚಿನ ಮೇಲೆ ಕೂರುವುದು ನಮಗೆ ರೂಢಿಯಾಯಿತು. ಅವರು ನಿಧಾನವಾಗಿ ಹೇಳುತ್ತಿದ್ದರು, ಕೈಯಲ್ಲಿ ಅಭಿನಯಿಸುತ್ತಿದ್ದರು. ನನಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಊಹಿಸುತ್ತಿದ್ದೆ.

ಗ್ಲಿಫ್ ಎನ್ನುವುದು ಅವರ ಗಂಡನ ಊರಿನ ಮಾತು. ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ ತಟ್ಟನೆ ಬೆಚ್ಚಿಬಿದ್ದರೆ ಹಾಗೆನ್ನುತ್ತಾರಂತೆ. ಅವರ ತಾಯಿ ಸ್ಕಾಟ್‌ಲೆಂಡಿನವರು, ಹೆದರಿದವರನ್ನು ಫಿಯರ್ಟ್ ಎನ್ನುತ್ತಿದ್ದರಂತೆ. ಇವರು ಹುಟ್ಟಿ ಬೆಳೆದದ್ದು ದೇಶದ ನಡುಭಾಗದಲ್ಲಿ. ಅಲ್ಲಿ ಅದಕ್ಕೇ ಫ್ರಿಟ್ ಎನ್ನುವುದು. ಶಾಲೆಯಲ್ಲಿ ಫ್ರಿಟ್ ಎಂದದ್ದಕ್ಕೆ ಟೀಚರ್ ಬೆರಳ ಗೆಣ್ಣಿಗೆ ಹೊಡೆದು, ಸರಿಯಾದ ಇಂಗ್ಲಿಷ್ ಮಾತಾಡು ಎಂದಿದ್ದರಂತೆ. ಆ ಗೆಣ್ಣನ್ನು ನನಗೆ ತೋರಿಸಿದರು, ಈಗಲೂ ನೋಯುತ್ತಿದೆಯೋ ಎಂಬಂತೆ.

ನನಗೆ ಅದು ಚೆನ್ನಾಗಿ ಅರ್ಥವಾಯಿತು. ನನ್ನ ತಾಯಿ ಧಾರವಾಡದ ಕಡೆಯವಳು, “ಅಂಜಿಕಿ ಬರ್ತೈತಿ” ಎನ್ನುತ್ತಿದ್ದಳು. ಮದುವೆಯಾಗಿ ಮೈಸೂರು ಸೀಮೆಗೆ ಬಂದ ಮೊದಲ ವಾರ ನಾನೂ ಹಾಗೆಂದಾಗ, “ನಮ್ಮತ್ತಿಗೆಗೆ ದಿಗಿಲಾಗಲ್ವಂತೆ, ಅಂಜಿಕಿ ಬರ್ತೈತಂತೆ” ಎಂದು ನಾದಿನಿ ಊರೆಲ್ಲ ಹೇಳಿಕೊಂಡು ನಕ್ಕಿದ್ದಳು. ಅಂದಿನಿಂದ ನಾನು ಅಂಜಿದ್ದನ್ನು ಯಾರಿಗೂ ಹೇಳಲಿಲ್ಲ. ಬೆಂಚಿನ ಮೇಲೆ ಕೂತು ಅವರಿಗೆ ಅಂಜಿಕೆ, ದಿಗಿಲು, ಪುಕ್ಕಲು ಎಲ್ಲವನ್ನೂ ಕಲಿಸಿದೆ. ‘ಪುಕ್ಕಲು’ ಅವರಿಗೆ ಬಹಳ ಹಿಡಿಸಿತು. ನಾನು ಲಿಫ್ಟ್ ಬೇಡವೆಂದು ಮೆಟ್ಟಿಲ ಕಡೆ ತಿರುಗಿದರೆ “ಪುಕ್ಕಲು!” ಎಂದು ಕೂಗುತ್ತಿದ್ದರು. ಲಿಫ್ಟಿನಲ್ಲಿ ಹೋಗಲು ಕಲಿತದ್ದು ಅದಕ್ಕಾಗಿಯೇ.

ಒಂದು ಬೆಳಿಗ್ಗೆ ಅವರು ನನಗಿಂತ ಮೊದಲೇ ಬಂದು ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಪಕ್ಕದಲ್ಲಿ ಚಕ್ರದ ಸಣ್ಣ ಪೆಟ್ಟಿಗೆ. “ಬಿಟ್ ಫಿಯರ್ಟ್ ಟುಡೇ” ಎಂದರು, ನಗಲಿಲ್ಲ.

ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಎನ್ನುವುದು ನಮ್ಮಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಬೇಕಿದ್ದರೆ “ದೂರ ಹೊರಟಿರಾ?” ಎನ್ನಬೇಕು, ಹೇಳುವ ಮನಸ್ಸಿದ್ದವರು ಹೇಳುತ್ತಾರೆ. ನಾನೂ ಹಾಗೆಯೇ “ಫಾರ್?” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಇನ್ನೂ ಏನೋ ಕೇಳುತ್ತೇನೆಂದು ಕಾದ ಹಾಗಿತ್ತು. ನಾನು ಕೇಳಲಿಲ್ಲ. “ನಾಟ್ ಫಾರ್” ಎಂದರು. ಟ್ಯಾಕ್ಸಿ ಬಂತು, ಹೋದರು. ಮರ್ಯಾದೆಯಿಂದ ನಡೆದುಕೊಂಡೆ ಎಂಬ ಸಮಾಧಾನದಿಂದಲೇ ನಾನು ಮೇಲೆ ಬಂದೆ.

ಮಾರನೆಯ ದಿನ ಬೆಂಚು ಖಾಲಿ. ಅದರ ಮರುದಿನವೂ. ಎರಡು ವಾರ ನಾನು ಹತ್ತು ಗಂಟೆಗೆ ಹೋಗಿ ನನ್ನ ಬದಿಯಲ್ಲಿ ಕೂತು, ಹನ್ನೊಂದಕ್ಕೆ ಎದ್ದು ಬರುತ್ತಿದ್ದೆ. ಹನ್ನೊಂದನೆಯ ಮಹಡಿಗೆ ಹೋಗಿ ಬಾಗಿಲು ತಟ್ಟಲು ಧೈರ್ಯ ಸಾಲಲಿಲ್ಲ. ಲಿಫ್ಟಿನ ಗುಂಡಿ ಒತ್ತಿ, ಬಾಗಿಲು ತೆರೆದಾಗ ಇಳಿಯದೆ ಹಾಗೆಯೇ ವಾಪಸು ಬಂದದ್ದೂ ಉಂಟು. ಕೊನೆಗೆ ಅದೇ ಲಿಫ್ಟಿನಲ್ಲಿ ಅವರ ಸೊಸೆ ಸಿಕ್ಕಳು.

“ಆಂಟಿ, ಮಮ್ಮಿ ಹಾರ್ಟ್ ಆಪರೇಷನ್ ಓಕೆ ಆಲ್ರೆಡಿ” ಎಂದಳು. ಆಮೇಲೆ, ನನಗೆ ತಿಳಿಯಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು. ಆ ದಿನ ಮಮ್ಮಿಗೆ ತುಂಬ ಭಯವಾಗಿತ್ತು, ಮಗನಿಗೂ ಹೇಳಿಕೊಂಡಿರಲಿಲ್ಲ. ನಿಮಗೆ ಹೇಳಬೇಕೆಂದೇ ಅರ್ಧ ಗಂಟೆ ಮೊದಲು ಕೆಳಗೆ ಬಂದಿದ್ದರು. ನೀವು ಕೇಳಲೇ ಇಲ್ಲವಂತೆ.

ಮನೆಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ. ನಿಮ್ಮ ತಾತ ನಮ್ಮೂರಿನಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಕೊನೆಯ ವರ್ಷ ಪದೇ ಪದೇ ಚೀಲ ಹಿಡಿದು ಪಟ್ಟಣಕ್ಕೆ ಹೊರಡುತ್ತಿದ್ದರು. ದಾರ, ಗುಂಡಿ ತರಲಿಕ್ಕೆ ಎಂದುಕೊಂಡೆ. ಒಮ್ಮೆ ಬಾಗಿಲಲ್ಲಿ ನಿಂತು, ಒಳಗೆ ಬಂದು, ನೀರು ಕುಡಿದು, ಮತ್ತೆ ಬಾಗಿಲಲ್ಲಿ ನಿಂತರು. ಹೊರಟವರಲ್ಲವೇ, ನಾನು ಕೇಳಲಿಲ್ಲ. ಆಸ್ಪತ್ರೆಯ ಚೀಟಿಗಳು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಸಿಕ್ಕಿದ್ದು ಅವರು ಹೋದ ಮೇಲೆ.

ಎರಡು ತಿಂಗಳ ನಂತರ ನನ್ನ ಗೆಳತಿಯನ್ನು ಮತ್ತೆ ಬೆಂಚಿನ ಮೇಲೆ ಕಂಡೆ. ತೀರ ಇಳಿದುಹೋಗಿದ್ದರು. ಈ ಸಲ ಪಕ್ಕದಲ್ಲಿದ್ದದ್ದು ದೊಡ್ಡ ಪೆಟ್ಟಿಗೆ. ಮಗ ರಸ್ತೆಬದಿಯಲ್ಲಿ ಟ್ಯಾಕ್ಸಿಗೆ ಸಾಮಾನು ತುಂಬುತ್ತಿದ್ದ. ಕೇಳಬಾರದು, ಈಗಂತೂ ಕೇಳಲೇಬಾರದು ಎಂದು ನನ್ನ ಅತ್ತೆ, ತಾಯಿ ಎಲ್ಲರೂ ಕಿವಿಯಲ್ಲಿ ಹೇಳಿದಂತಾಯಿತು. ನನ್ನ ಕೈ ತಾನಾಗಿ ರವಿಕೆಯ ಕತ್ತಿಗೆ ಹೋಯಿತು.

“ವೇರ್ ಗೋಯಿಂಗ್?” ಎಂದೆ.

ಅವರು ಪಕ್ಕದ ಜಾಗವನ್ನು ತಟ್ಟಿ ನನ್ನನ್ನು ಕೂರಿಸಿಕೊಂಡರು. ಮಗಳ ಮನೆಗೆ, ತಮ್ಮ ಹುಟ್ಟೂರಿನ ಹತ್ತಿರ. ಇನ್ನೊಂದು ಆಪರೇಷನ್ ಇದೆ. ಇನ್ನು ವಿಮಾನ ಹತ್ತಬೇಡಿ ಎಂದಿದ್ದಾರೆ ಡಾಕ್ಟರ್, ಇದೇ ಕೊನೆ. ಮರಳಿ ಬರುವುದಿಲ್ಲ.

“ಯು ಫಿಯರ್ಟ್?”

“ಫ್ರಿಟ್ ಟು ಡೆತ್” ಎಂದರು. ತಾಯಿಯ ಮಾತಲ್ಲ, ಗಂಡನದೂ ಅಲ್ಲ, ಪೆಟ್ಟು ತಿಂದ ತಮ್ಮದೇ ಮಾತು. ಆಮೇಲೆ ಬಹಳ ಹೊತ್ತು ಏನೇನೋ ಹೇಳಿದರು, ವೇಗವಾಗಿ, ನನಗೆ ತಿಳಿಯಲಿ ಎಂದೇನೂ ಅಲ್ಲ. ನಾನು ಕೈ ಹಿಡಿದುಕೊಂಡು ಕೇಳಿದೆ. ಮಗ ಎರಡು ಸಲ ಬಂದು ನೋಡಿ ಹೋದ. ಹೊರಡುವಾಗ ನಾನೇ ಅವರ ಕಾಲರ್ ಎಳೆದು ಮೂರು ಸಲ ಥೂ ಎಂದೆ. “ಪುಕ್ಕಲು” ಎಂದರು ಅವರು. ನನಗೆ ಹೇಳಿದರೋ, ತಮಗೆ ತಾವೇ ಹೇಳಿಕೊಂಡರೋ.

ಈಗಲೂ ನಾನು ಆ ಬೆಂಚಿನಲ್ಲಿ ನನ್ನ ಬದಿಯಲ್ಲೇ ಕೂರುತ್ತೇನೆ.

ಇವತ್ತು ಬೆಳಿಗ್ಗೆ ನೀವು ಬ್ಯಾಗ್ ಹಾಕಿಕೊಂಡು ನಿಂತಾಗ ಎಲ್ಲಿಗೆ ಎಂದು ಕೇಳಿದೆನಲ್ಲ, ಅದಕ್ಕೇ ಇಷ್ಟು ಬರೆದೆ.

“ಸ್ಕೂಲಿಗೆ ಲಾ, ಅಜ್ಜಿ! ಇನ್ನೆಲ್ಲಿಗೆ?” ಎಂದು ಚಿಕ್ಕವನು ನಕ್ಕ.

“ಹೊರಡೋರನ್ನ ಹಾಗೆ ಕೇಳ್ಬಾರ್ದು ಅಂತ ನೀನೇ ಹೇಳ್ತಿದ್ಯಲ್ಲಮ್ಮ” ಎಂದು ನಿಮ್ಮಮ್ಮ ಗದರಿದಳು.

ದೊಡ್ಡವಳು ಮಾತ್ರ ಶೂ ಲೇಸ್ ಕಟ್ಟುವುದನ್ನು ಬಿಟ್ಟು ತಲೆಯೆತ್ತಿ, “ಇವತ್ತು ಓರಲ್ ಎಕ್ಸಾಮ್ ಇದೆ, ಅಜ್ಜಿ” ಎಂದಳು.