ತಾತನಿಗೆ ಸೇರದ ಹಾಡುಗಳು

ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಮಕ್ತಲದ ನಮ್ಮ ಮನೆಯ ನಡುಕೋಣೆ ಕಣ್ಣಿಗೆ ಕಟ್ಟುತ್ತದೆ. ಸುಣ್ಣ ಬಳಿದ ಮಣ್ಣಿನ ಗೋಡೆ, ಗೂಡಿನಲ್ಲಿ ಕಂದೀಲು, ಮೂಲೆಯಲ್ಲಿ ಅಜ್ಜಿಯ ಹಳೆಯ ಸೀರೆ ಹೊದ್ದು ಕುಳಿತ ಗ್ರಾಮಫೋನ್. ಶನಿವಾರ ಮಧ್ಯಾಹ್ನ ಉಂಡಾದ ಮೇಲೆ ತಾತ ಬಾಗಿಲು ಮುಚ್ಚಿ, ಕೋಳಿಪುಕ್ಕವನ್ನು ಆ ಎಣ್ಣೆಯಲ್ಲಿ ಅದ್ದಿ ಅದರ ಚಕ್ರಗಳಿಗೆ ಸವರುತ್ತಿದ್ದ. ಆಮೇಲೆ ಕೀಲಿ ಕೊಟ್ಟು ಪ್ಲೇಟುಗಳನ್ನು ಒಂದೊಂದಾಗಿ ಹಾಕುತ್ತಿದ್ದ, ಎರಡೂ ಮಗ್ಗುಲು. ಹಾಡೆಲ್ಲ ಉರ್ದುವಿನವು, ಪ್ರೀತಿ, ವಿರಹ, ಶರಾಬು, ಇನ್ನೊಂದಿಷ್ಟು ವಿರಹ. ಹುಳಿ ದ್ರಾಕ್ಷಿ ಕಡಿದವನ ಹಾಗೆ ಮುಖ ಸಿಂಡರಿಸಿಕೊಂಡು ತಾತ ಕೊನೆಯ ಪ್ಲೇಟಿನವರೆಗೂ ಕೂರುತ್ತಿದ್ದ. ಮುಗಿದ ಕೂಡಲೇ ಹಿತ್ತಲಿಗೆ ಹೋಗಿ ಕೈಯನ್ನೂ ಕಿವಿಯನ್ನೂ ತೊಳೆದುಕೊಂಡು ಬರುತ್ತಿದ್ದ. ನಾನು ಕಿಸಕ್ಕನೆ ನಕ್ಕರೆ, "ಏನ್ ಹಲ್ಲು ಕಿಸೀತಿ? ದರಿದ್ರ ಹಾಡು!" ಎಂದು ಗದರುತ್ತಿದ್ದ.

ತಾತ ನಮ್ಮ ಕೇರಿಯ ಚರ್ಚಿನ ಉಪದೇಶಿ. ಭಾನುವಾರದ ಪ್ರಸಂಗ ಅವನದು, ಮದುವೆ ಮಣ್ಣಿನ ಪ್ರಾರ್ಥನೆ ಅವನದು. ಸಿನೆಮಾ, ಬಯಲಾಟ, ರೇಡಿಯೋ ಹಾಡು, ಇವೆಲ್ಲ ಮನುಷ್ಯನನ್ನು ದೇವರಿಂದ ದೂರ ಎಳೆಯುವ ಹಗ್ಗ ಎಂದು ಅವನು ನಿಜವಾಗಿಯೂ ನಂಬಿದ್ದ, ನಾರಾಯಣಪೇಟೆಗೆ ಟೂರಿಂಗ್ ಟಾಕೀಸಿನ ಡೇರೆ ಬಂದರೆ ಆ ಬೀದಿಯನ್ನೇ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದ. ಅಂಥವನ ಮನೆಗೆ ಈ ಪೆಟ್ಟಿಗೆ ಬಂದದ್ದು ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ. ಭಾರತದ ಸೈನ್ಯ ಬಂದು ನಿಜಾಮರ ದರ್ಬಾರು ಮುಗಿದಿತ್ತು; ಅದರ ಬೆನ್ನಿಗೇ ಹಳೆಯ ಸೇಡು ತೀರಿಸಿಕೊಳ್ಳುವವರೂ ಎದ್ದಿದ್ದರು. ತಹಸೀಲು ಕಚೇರಿಯ ಪೇಶ್ಕಾರರನ್ನು ಉಟ್ಕೂರಿನ ದಾರಿಯಲ್ಲಿ ಕೊಂದರು. ಕೊಂದವರು ಯಾರೆಂದು ಗೊತ್ತಿದ್ದವರಿದ್ದರು, ಬಾಯಿ ಬಿಡಲಿಲ್ಲ. ಪೇಶ್ಕಾರರ ಹೆಂಡತಿ ಖೈರುನ್ ಬೀಯ ಮಕ್ಕಳ ಹೆರಿಗೆ ಮಾಡಿಸಿದವಳು ನಮ್ಮ ಅಜ್ಜಿ. ಊರು ಬಿಟ್ಟು ಹೈದರಾಬಾದಿನ ಅಣ್ಣನ ಮನೆಗೆ ಹೊರಟಾಗ ಆಕೆ ಹೊತ್ತು ತಂದು ನಮ್ಮಲ್ಲಿ ಇಳಿಸಿದ್ದು ಒಡವೆಯನ್ನಲ್ಲ, ಈ ಪೆಟ್ಟಿಗೆಯನ್ನು.

"ಉಪದೇಶಿ ಸಾಬ್, ಇದು ಅವರ ಜೀವ ಇತ್ತರಿ. ನಂಬಿ ಇಡಾಕ ಹತ್ತೀನಿ. ವಾರಕ್ಕೊಮ್ಮೆ ಹಾಡಿಸ್ರಿ, ಇಲ್ಲಾಂದ್ರ ಒಳಗ ಜಂಗ್ ಹಿಡೀತೈತಿ" ಎಂದಳು. ತಾತ ಪೆಟ್ಟಿಗೆಯನ್ನೊಮ್ಮೆ ಆಕೆಯನ್ನೊಮ್ಮೆ ನೋಡಿ, "ಆಯ್ತಮ್ಮ, ಹಾಡಸ್ತೀನಿ" ಎಂದ. ಪ್ಲೇಟು ಹಾಕದೆ ಬರೀ ಚಕ್ರ ತಿರುಗಿಸಿದರೂ ತುಕ್ಕು ಹಿಡಿಯುವುದಿಲ್ಲವೆಂದು ಯಾರಾದರೂ ಹೇಳಬಹುದಿತ್ತು. ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ. ಹಾಡಿಸುತ್ತೇನೆ ಎಂದಿದ್ದನಲ್ಲ, ಹಾಡಿಸಿದ.

ಈಗ ಯೋಹಾನಪ್ಪನ ವಿಷಯಕ್ಕೆ ಬರುತ್ತೇನೆ. ಇಷ್ಟು ವರ್ಷವಾದರೂ ಆ ಹೆಸರು ಬಾಯಿಗೆ ಬಂದರೆ ನನಗೆ ಉಗಿಯಬೇಕೆನಿಸುತ್ತದೆ. ದನದ ಹಿಂಡಿ ಅಂಗಡಿಯವನು, ನಮ್ಮ ಚರ್ಚಿನ ಸಭೆಯ ಹಿರಿಯ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಒಂದು ರೆಪ್ಪೆ ತೆರೆದೇ ಇರುತ್ತಿತ್ತು, ಯಾರು ಆಕಳಿಸಿದರು ಎಂದು ನೋಡಲು. ಗದ್ವಾಲದಲ್ಲಿ ಯಾವುದೋ ಉಜ್ಜೀವನ ಕೂಟಕ್ಕೆ ಹೋಗಿ ಬಂದವನೇ ಲೋಕದ ವಸ್ತುಗಳನ್ನೆಲ್ಲ ಸುಡಬೇಕೆಂದು ಹೊರಟ. ಚರ್ಚಿನ ಅಂಗಳದಲ್ಲಿ ಬೆಂಕಿ ಹಾಕಿಸಿದ. ಹುಡುಗಿಯರು ಬಚ್ಚಿಟ್ಟುಕೊಂಡಿದ್ದ ಸಿನೆಮಾ ಹಾಡಿನ ಪುಸ್ತಕ, ನಟಿಯ ಚಿತ್ರದ ಕ್ಯಾಲೆಂಡರು, ಬಯಲಾಟದಲ್ಲಿ ಪಾತ್ರ ಕಟ್ಟುತ್ತಿದ್ದ ಒಬ್ಬ ಬಡಪಾಯಿಯ ರಟ್ಟಿನ ಕಿರೀಟ, ಎಲ್ಲ ಅದರೊಳಗೆ ಬಿದ್ದವು. ಕಿರೀಟದವನು ಅಳುತ್ತಾ ನಿಂತಿದ್ದ. ಅದನ್ನು ಪಶ್ಚಾತ್ತಾಪವೆಂದು ತಿಳಿದು ಯೋಹಾನಪ್ಪ ಬೆನ್ನು ತಟ್ಟಿದ, ಪೆದ್ದ! ಆಮೇಲೆ ಹಿಂಬಾಲಕರನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದ. ಶನಿವಾರ ಹಾಡು ಶುರುವಾದರೆ ಪಕ್ಕದ ಓಣಿಯ ನೇಕಾರ ಹೆಂಗಸರು ಮಗ್ಗ ನಿಲ್ಲಿಸಿ ಕಿವಿಗೊಡುತ್ತಿದ್ದದ್ದು ಅವನಿಗೂ ತಿಳಿದಿತ್ತು.

"ಉಪದೇಶಿಗಳ, ಆ ಪೆಟ್ಟಿಗಿ ಹೊರಗ ತರ್ರಿ. ಪ್ರಸಂಗ ಮಾಡೋ ಬಾಯಿ ನಿಮ್ಮದು, ನಿಮ್ಮ ಮನ್ಯಾಗ ಶರಾಬಿನ ಹಾಡು!"

"ಹಾಡು ಹೊಲಸು ಐತಿ. ನಿಮಗಿಂತ ನನಗ ಚೊಲೋ ಗೊತ್ತೈತಿ, ಎಲ್ಲಾ ಕೇಳೀನಿ" ಎಂದ ತಾತ. "ಅದಕ್ಕಂತ ನಾ ಕೊಟ್ಟ ಮಾತು ಹೊಲಸು ಮಾಡ್ಲೇನು? ಆಕಿ ಗಂಡನ್ನ ಕಳಕೊಂಡು ನಂಬಿ ಇಟ್ಟು ಹೋಗ್ಯಾಳ. ಸುಡಾಕ ಅದು ನನ್ನದಲ್ಲ, ನಿಮ್ಮದೂ ಅಲ್ಲ."

ಅಷ್ಟಕ್ಕೇ ತಾತನ ಪ್ರಸಂಗ ಪೀಠ ಹೋಯಿತು. ಚರ್ಚಿನಲ್ಲಿ ಎಲ್ಲರಿಗೂ ಹಂಚುವ ಕರ್ತನ ಭೋಜನದ ರೊಟ್ಟಿಯೂ ಇಲ್ಲವೆಂದರು. ಎಳೆಯ ವಯಸ್ಸಿನಿಂದ ನಿಂತ ಜಾಗ ಬಿಟ್ಟು ಬಾಗಿಲ ಹತ್ತಿರದ ಚಾಪೆಯಲ್ಲಿ, ತಡವಾಗಿ ಬರುವವರ ಚಪ್ಪಲಿಗಳ ಪಕ್ಕ ಕೂರುತ್ತಿದ್ದ. ಅಜ್ಜಿ ಯೋಹಾನಪ್ಪನಿಗೆ ಬೀದಿಯಲ್ಲೇ ಮಂಗಳಾರತಿ ಎತ್ತಿದಳು. ತಾತ ಮಾತ್ರ ಚರ್ಚು ತಪ್ಪಿಸಲಿಲ್ಲ, ಶನಿವಾರವನ್ನೂ ತಪ್ಪಿಸಲಿಲ್ಲ. ರೊಟ್ಟಿ ಹಂಚುವಾಗ ಅವನ ಕೈ ಮಡಿಲಲ್ಲಿ ಬರಿದಾಗಿ ಬಿದ್ದಿರುತ್ತಿತ್ತು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಬಹಳ ದಿನಗಳ ಮೇಲೆ ಖೈರುನ್ ಬೀ ಮರಳಿ ಬಂದಳು. ಸೊರಗಿ ಗುರುತೇ ಸಿಗದಂತಾಗಿದ್ದಳು. ತಾತ ಪೆಟ್ಟಿಗೆಯನ್ನು ಕಟ್ಟೆಗೆ ತಂದು ಪ್ಲೇಟು ಹಾಕಿದ, ಮೊದಲ ಸುತ್ತಿಗೇ ಹಾಡಿತು. "ಇದರಾಗ ನಮ್ಮವರು ದನಿ ಕೂಡಿಸ್ತಿದ್ರು" ಎಂದು ಆಕೆ ಗೋಡೆಗೆ ಹಣೆ ಹಚ್ಚಿ ಅತ್ತಳು. ಹಾಡು ಮುಗಿಯುವವರೆಗೆ ತಾತ ಮುಖ ಸಿಂಡರಿಸಿಕೊಂಡೇ ನಿಂತಿದ್ದ. ಆಕೆ ಪೆಟ್ಟಿಗೆ ಒಯ್ದದ್ದೇ ತಡ, ಯೋಹಾನಪ್ಪ ಹೇಳಿಕಳಿಸಿದ: ಸಭೆಯ ಮುಂದೆ ತಪ್ಪಾಯಿತು ಅಂದರೆ ಪೀಠ ವಾಪಸು. "ಏನ್ ತಪ್ಪಾತು, ಅದನ್ನ ಮೊದಲು ಹೇಳಂತ ಹೇಳು" ಎಂದು ತಾತ ಬಂದವನನ್ನು ಸಾಗಹಾಕಿದ. ಸಾಯುವವರೆಗೂ ಆ ಚಾಪೆಯಿಂದ ಏಳಲಿಲ್ಲ.

ಆ ಮನೆ ಈಗ ಇಲ್ಲ, ಕೇರಿಯೂ ಹಾಗಿಲ್ಲ. ಒಂದು ವಸ್ತುವನ್ನು ಮನಸಾರೆ ಬೇಡವೆನ್ನುತ್ತಲೇ ಇನ್ನೊಬ್ಬರಿಗಾಗಿ ಅದನ್ನು ಕಾಪಾಡುವ ಮುದುಕರು ನಿಮ್ಮ ಮನೆಯಲ್ಲೂ ಇದ್ದಿರಬಹುದು. ಇದ್ದರೆ ನನ್ನ ಸಂಕಟ ನಿಮಗೆ ತಿಳಿಯುತ್ತದೆ. ಸುಡುವವರಿಗಂತೂ ಇವತ್ತಿಗೂ ಬರವಿಲ್ಲ, ಥೂ.

ತಾತನ ಮಣ್ಣಿನ ದಿನ ಸಮಾಧಿಯ ಪಕ್ಕ ನಿಂತು ಯೋಹಾನಪ್ಪ ನಾಚಿಕೆಯಿಲ್ಲದೆ ಹೇಳಿದ: "ಎಂಥ ಭಕ್ತರು! ಲೋಕದ ಒಂದು ಹಾಡು ಮನಿ ಹೊಸ್ತಿಲ ದಾಟಗೊಡಲಿಲ್ಲ."

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. "ಹೆಣದ ಮುಂದ ಸುಳ್ಳು ಹೇಳಬ್ಯಾಡ್ರಿ, ಯೋಹಾನಪ್ಪ. ನಮ್ಮ ಮನ್ಯಾಗ ಎಲ್ಲಾ ಹಾಡು ಹಾಡ್ಯಾವು. ಇವರಿಗೆ ಒಂದೂ ಸೇರಲಿಲ್ಲ, ಒಂದೂ ಬಿಡದ ಕೇಳಿದ್ರು." ಆಮೇಲೆ ಸಾವಿನ ಸುದ್ದಿ ಕೇಳಿ ಬಂದು ಸ್ಮಶಾನದ ಗೋಡೆಯಾಚೆ ಬುರ್ಖಾ ಹಾಕಿ ನಿಂತಿದ್ದವಳ ಕಡೆ ತಿರುಗಿ ಕೂಗಿದಳು: "ಅಲ್ಲ್ಯಾಕ ನಿಂತಿ ಬೀ? ಒಳಗ ಬಾ. ಮಣ್ಣು ಹಾಕು."

ಯೋಹಾನಪ್ಪ ದಾರಿ ಬಿಟ್ಟ. ತಾತನ ಮೇಲೆ ಮೊದಲ ಹಿಡಿ ಮಣ್ಣು ಬಿದ್ದದ್ದು ಖೈರುನ್ ಬೀಯ ಕೈಯಿಂದ.