ಬಿರುಕಿಗೆ ಅಡ್ಡ ಹಚ್ಚಿದ ಗಾಜು

ಆ ಹಳೆಯ ಚರ್ಚಿಗೆ ಇನ್ನೂರು ವರ್ಷ ದಾಟಿತ್ತು. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಒಳಗೆ ಎರಡೂ ಬದಿಗೆ ಆರಾರು ಕಮಾನು, ಕತ್ತೆತ್ತಿ ನೋಡಿದರೆ ಹೊಗೆಬಣ್ಣಕ್ಕೆ ತಿರುಗಿದ ಮರದ ತೊಲೆಗಳು. ಗಂಟೆಯ ಗೋಪುರ ಮಾತ್ರ ಅರವತ್ತು ವರ್ಷ ತಡವಾಗಿ ಎದ್ದದ್ದು. ಅಷ್ಟರಲ್ಲಿ ಗಣಿಯಲ್ಲಿ ಒಳ್ಳೆಯ ಕಲ್ಲು ಮುಗಿದಿತ್ತಂತೆ. ಹಾಗಾಗಿ ಅದು ಇಟ್ಟಿಗೆಯದು. ಕಲ್ಲೂ ಇಟ್ಟಿಗೆಯೂ ಕೂಡುವ ಜಾಗದಲ್ಲಿ ಒಂದು ಸಣ್ಣ ಬಿರುಕು ಮೊದಲಿನಿಂದಲೂ ಇತ್ತು.

ಮೂರು ತಲೆಮಾರಿನಿಂದ ಆ ಬಿರುಕಿನ ಯೋಗಕ್ಷೇಮ ನೋಡಿಕೊಂಡವರು ಒಂದೇ ಮನೆಯ ಗಾರೆ ಕೆಲಸದವರು. ಈಗಿನವನನ್ನು ಎಲ್ಲರೂ ಸುಣ್ಣದಪ್ಪ ಎನ್ನುತ್ತಿದ್ದರು. ಹೆಸರು ಹಿಡಿದು ಕರೆಯುತ್ತಿದ್ದವಳು ಹೆಂಡತಿಯೊಬ್ಬಳೇ. ಅವಳು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅವಳು ಹೋದಾಗ ಅವನು ಅಳಲಿಲ್ಲ. ಆಮೇಲೂ ಅಳಲಿಲ್ಲ. ಉಂಡರೆ ಹೊಟ್ಟೆ ತುಂಬುತ್ತಿತ್ತು, ಮಲಗಿದರೆ ನಿದ್ದೆ ಬರುತ್ತಿತ್ತು. ಹೇಗಿದ್ದೀರಿ ಎಂದು ಯಾರಾದರೂ ಕೇಳಿದರೆ, "ಇದ್ದೀನಲ್ಲ, ಕಾಣಿಸ್ತಿಲ್ವಾ?" ಎನ್ನುತ್ತಿದ್ದ.

ಈ ವರ್ಷ ಗೋಪುರದ ಹೊರಗಿನ ಗಿಲಾವು ಉಬ್ಬಿ, ಇಟ್ಟಿಗೆಯ ಪುಡಿಯ ಸಮೇತ ಚಕ್ಕೆ ಚಕ್ಕೆಯಾಗಿ ಉದುರತೊಡಗಿತು. ಎಂಜಿನಿಯರಮ್ಮ ಬಂದು ನೋಡಿದರು.

"ಪಾಯ ಕುಸಿದಿದೆ ಫಾದರ್. ಬಿರುಕೇ ಹೇಳ್ತಿದೆಯಲ್ಲ. ಗೋಪುರ ಇಳಿಸೋದೇ ಕ್ಷೇಮ."

"ಇಳಿಸೋ ಕಾಗದಕ್ಕೆ ಸೋಮವಾರ ಸಹಿ ಹಾಕ್ತೀನಿ," ಎಂದರು ಫಾದರ್, ಕನ್ನಡಕ ಒರೆಸಿಕೊಳ್ಳುತ್ತ.

ಸುಣ್ಣದಪ್ಪ ಅಲ್ಲೇ ನಿಂತಿದ್ದ. ಪಾಯ ಕುಸಿದಿಲ್ಲವೆಂದು ಅವನಿಗೆ ಗೊತ್ತಿತ್ತು. ಸುಣ್ಣವನ್ನು ಇಪ್ಪತ್ತೊಂದು ದಿನ ನೀರಿನಲ್ಲಿ ನೆನೆಸಿ ಗಾರೆ ಮಾಡುವುದು ಅವರ ಮನೆಯ ಪದ್ಧತಿ. ಹೆಂಡತಿ ತೀರಿಕೊಂಡ ತಿಂಗಳು ಅವನಿಗೆ ಕಾಯುವ ಮನಸ್ಸಿರಲಿಲ್ಲ. ಎರಡೇ ದಿನದಲ್ಲಿ ಗೋಪುರಕ್ಕೆಲ್ಲ ಸಿಮೆಂಟು ಬಳಿದು, ಮೇಲೆ ಸುಣ್ಣ ಹೊಡೆದು ಮುಗಿಸಿದ್ದ. ಹಳೆಯ ಇಟ್ಟಿಗೆಗೆ ಉಸಿರು ಕಟ್ಟಿತು. ಒಳಗೆ ಸೇರಿದ ನೀರು ಹೊರಬರಲಾಗದೆ ಅಲ್ಲೇ ಕುಳಿತು ಇಟ್ಟಿಗೆಯನ್ನು ತಿಂದಿತು.

ಮನೆಗೆ ಹೋಗಿ ಮಗಳಿಗೆ ಹೇಳಿದ. ಅವಳೂ ಅವನ ಜೊತೆಗೇ ಕರಣೆ ಹಿಡಿದವಳು.

"ಬಾಯಿ ಮುಚ್ಕೊಂಡಿರಪ್ಪ. ಸುಣ್ಣದಪ್ಪನೇ ಸಿಮೆಂಟು ಮೆತ್ತಿದ ಅಂತ ಗೊತ್ತಾದ್ರೆ ನನ್ನ ಯಾರು ಕೆಲಸಕ್ಕೆ ಕರೀತಾರೆ?"

"ಗೋಪುರ ಬೀಳಿಸ್ತಾರಲ್ಲೇ."

"ಬೀಳ್ಲಿ ಬಿಡು. ನಿಂಗೇನಾಗುತ್ತೆ? ಅಮ್ಮ ಹೋದಾಗ್ಲೇ ನಿಂಗೇನೂ ಆಗ್ಲಿಲ್ಲ."

ಅವಳು ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ಅವನು ಹನ್ನೊಂದು ವರ್ಷದ ಮೇಲೆ ಮೊದಲ ಸಲ ಗೋಪುರದ ಮೆಟ್ಟಿಲು ಹತ್ತಿದ. ಗಂಟೆಯ ಕೆಳಗೆ, ಒಳಗೋಡೆಯ ಬಿರುಕಿಗೆ ಅಡ್ಡವಾಗಿ, ಬೆರಳಗಲದ ಗಾಜಿನ ಪಟ್ಟಿಯೊಂದನ್ನು ಗಾರೆಯಲ್ಲಿ ಕೂರಿಸಲಾಗಿತ್ತು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯಬೇಕು. ಹದಿನಾಲ್ಕು ವರ್ಷದ ಹಿಂದೆ ಅವನು ಗಾಜು ಕೂರಿಸಿದಾಗ ಹಸಿ ಗಾರೆಯ ಮೇಲೆ ಮೊಳೆಯಿಂದ ತಾರೀಖು ಗೀಚಿದವಳು ಹೆಂಡತಿ. "ನಿಮ್ಮ ಅಕ್ಷರ ಕೋಳಿ ಕೆದಕಿದ ಹಾಗಿರುತ್ತೆ, ಈಚೆ ಕೊಡಿ," ಎಂದಿದ್ದಳು.

ಗಾಜು ಒಡೆದಿರಲಿಲ್ಲ. ಅವಳ ಅಂಕಿಗಳೂ ಹಾಗೆಯೇ ಇದ್ದವು. ತನ್ನೊಳಗೆ ಏನಾದರೂ ಆದೀತೆಂದು ಸ್ವಲ್ಪ ಹೊತ್ತು ಕಾದ. ಏನೂ ಆಗಲಿಲ್ಲ. ಇಳಿದು ಬಂದು ಫಾದರನ್ನೂ ಎಂಜಿನಿಯರಮ್ಮನನ್ನೂ ಕರೆದುಕೊಂಡು ಮತ್ತೆ ಹತ್ತಿದ.

ಎಂಜಿನಿಯರಮ್ಮ ಗಾಜನ್ನು ಬೆರಳಿನಿಂದ ಸವರಿದರು, ಬ್ಯಾಟರಿ ಬಿಟ್ಟು ನೋಡಿದರು. "ಹಾಗಾದ್ರೆ ಗೋಡೆ ಅಲುಗಿಲ್ಲ. ಹೊರಗಡೆ ಯಾಕೆ ಉದುರ್ತಿದೆ?"

"ಸಿಮೆಂಟಿಗೆ. ನಾನೇ ಬಳಿದದ್ದು," ಎಂದ ಸುಣ್ಣದಪ್ಪ.

ಫಾದರ್ ಅವನತ್ತ ತಿರುಗಿದರು. "ನೀವಾ? ಸಿಮೆಂಟಾ?"

"ಹೌದು."

ಗೋಪುರ ಉಳಿಯಿತು. ಸಿಮೆಂಟು ಕೆತ್ತಿ ತೆಗೆದು ಗಾರೆ ಹಚ್ಚುವ ಕೆಲಸ ಮಗಳಿಗೇ ಬಂತು, ಆ ಪದ್ಧತಿ ಬಲ್ಲವರು ಬೇರೆ ಯಾರೂ ಇರಲಿಲ್ಲವಾದ್ದರಿಂದ. ಆದರೆ ಅಪ್ಪ ಕರಣೆ ಮುಟ್ಟಕೂಡದೆಂದು ಫಾದರ್ ಕಟ್ಟುನಿಟ್ಟು ಮಾಡಿದರು. ಅವನು ಸರಿ ಎಂದ. ದಿನವೂ ಬಂದು ಸುಣ್ಣದ ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಕೂರುತ್ತಿದ್ದ.

ಒಂದು ದಿನ ಮಗಳು ಗೋಪುರಕ್ಕೆ ಕಟ್ಟಿದ ಸಾರುವೆಯ ಮೇಲಿನಿಂದ ಕೂಗಿದಳು, ಬಹಳ ದಿನದ ಮೇಲೆ ಅವನೊಡನೆ ಆಡಿದ ಮೊದಲ ಮಾತು: "ಅಪ್ಪಾ, ಸುಣ್ಣ ನೆನೆಹಾಕಿ ಹದಿನೈದು ದಿನ ಆಯ್ತಲ್ಲ, ಸಾಲ್ದಾ?"

"ಸಾಲಲ್ಲ," ಎಂದ ಸುಣ್ಣದಪ್ಪ. "ಇನ್ನೂ ಆರು ದಿನ ಇದೆ."

ಅವಳು ಇಳಿದು ಬಂದು ಅವನ ಪಕ್ಕದಲ್ಲಿ ಕುಳಿತಳು.