ಭೀಮನಿಗೆ ಸಿಗದ ಗುಡುಗು

ಕೇಳಿರಯ್ಯಾ ಗೆಳೆಯರೇ, ಇಂದು ಬಂಗಾರಪೇಟೆಯ ರಂಗದ ಮೇಲೆ ನನ್ನಿಂದ ಭೀಮನ ಮಾನ ಹೋಯಿತು!

ನಾಟಕದ ಸದ್ದುಗಳನ್ನು ನುಡಿಸುವ ಪ್ರೋಗ್ರಾಂ ಬರೆದವನು ನಾನೇ. ವರ್ಷಗಟ್ಟಲೆ ಸೇವಕನ ಪಾತ್ರ ಮಾಡಿ, ಇಂದು ಮೊದಲ ಸಲ ಭೀಮನಾದ ಮುನಿಯಪ್ಪ ಮಾವ ಗದೆ ಎತ್ತಿದರು. ಗುಡುಗಬೇಕಿದ್ದ ಲ್ಯಾಪ್‌ಟಾಪ್ ಮೌನ!

"ಈ ಲಿನಕ್ಸ್ ಡಬ್ಬಾನೇ ಸರಿಯಿಲ್ಲ!" ಎಂದು ಪರದೆಯ ಹಿಂದೆ ಹಾರಾಡಿದೆ.

ಲ್ಯಾಪ್‌ಟಾಪ್ ಕೊಟ್ಟಿದ್ದ ಶಾರದಕ್ಕ ನನ್ನ ಕೋಡ್ ತೆರೆದರು. ಸಾಲುಸಾಲಿನಲ್ಲೂ ನನ್ನ ಮನೆಯ ವಿಂಡೋಸ್ ಕಂಪ್ಯೂಟರಿನ ಡಿ ಡ್ರೈವ್ ವಿಳಾಸ!

"ಗುಡುಗು ಇಲ್ಲೇ ಪಕ್ಕದ ಫೋಲ್ಡರ್‌ನಲ್ಲೈತೆ ಕಣಪ್ಪಾ. ನೀನು ಬೇತಮಂಗಲದ ಮನೇಲಿ ಉಡುಕು ಅಂತ ಬರ್ದಿದ್ದೀಯ!"

ಅತ್ತ ಮಾವ ಪಿಸುಗುಟ್ಟಿದರು: "ಲೇ, ಕೈ ನೋಯ್ತೈತೆ, ಬೇಗ ಗುಡುಗ್ಸ್ಲಾ!"

ಮೈಕ್ ಕಸಿದು ಬಾಯಲ್ಲೇ ಗುಡುಗಿದೆ. ಜನ ಬಿದ್ದು ಬಿದ್ದು ನಕ್ಕರು, ಪಾಪ, ಭೀಮನನ್ನು ನೋಡಿ. ತಪ್ಪು ಮಾಡಿದ ಈ ಮಹಾಶಯ ಮಾತ್ರ ಪರದೆಯ ಹಿಂದೆ ಯಾರ ಕಣ್ಣಿಗೂ ಬೀಳದೆ ಕ್ಷೇಮವಾಗಿದ್ದ.